ಮೂವತ್ತೆಂಟನೆಯ ಪುಟದ ‘ಇರಲಿ’

ಗದಗ-ಬೆಟಗೇರಿ
ಫೆಬ್ರವರಿ ೩೦, ೨೧೯೮

ಗುರುತುಗಾರ ಹದಿನೇಳು ಅವರಿಗೆ,

ಮೇಲಿನ ತಾರೀಖು ನೋಡಿ ನೀವು ನಕ್ಕಿರಬೇಕು. ತಪ್ಪಾಗಿ ಬರೆದಿಲ್ಲ. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಇಟ್ಟಿದ್ದಾರೆ, ಅವುಗಳಿಗೆ ಬಿಟ್ಟದಿನ ಎನ್ನುತ್ತೇವೆ. ನಾನು ಹುಟ್ಟಿದ್ದು ಬಿಟ್ಟದಿನ. ಯಾವ ತಿಂಗಳಲ್ಲಿ ಹುಟ್ಟಿದಿರಿ ಎಂದು ಯಾರಾದರೂ ಕೇಳಿದರೆ ಅರವತ್ತೇಳು ವರ್ಷವಾದರೂ ಇನ್ನೂ ತಡವರಿಸುತ್ತೇನೆ. ಹೀಗಾಗಿ ಗೊಂದಲ ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ತಿಳಿದುಕೊಂಡು ಈ ಕಾಗದ ಓದಬೇಕು. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡದಲ್ಲಿ ಬರೆಯಬೇಕೆಂದು ನಿಮ್ಮ ಕಾಲದ ಶಾಲಾಪುಸ್ತಕಗಳನ್ನೇ ಓದಿ ತಯಾರಾಗಿದ್ದೇನೆ. ಆ ಪುಸ್ತಕಗಳಲ್ಲಿ ಯಾರೂ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುವುದಿಲ್ಲ. ಅದೇ ದೊಡ್ಡ ತೊಂದರೆ, ಮುಂದೆ ಹೇಳುತ್ತೇನೆ.

ಇದು ಹಿಂದೋಲೆ. ಎಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಒಂದು ಕಳಿಸಲು ಅನುಮತಿ. ಅದು ಹೇಗೆ ಹೋಗುತ್ತದೆ ಎಂದು ಕಚೇರಿಯ ಹುಡುಗಿ ಎರಡು ಸಲ ಬಿಡಿಸಿ ಹೇಳಿದಳು. ಎರಡು ಸಲವೂ ಹೌದು ಹೌದು ಎಂದು ತಲೆ ಆಡಿಸಿದೆ, ಮೆಟ್ಟಿಲು ಇಳಿಯುವಷ್ಟರಲ್ಲಿ ಒಂದು ಅಕ್ಷರವೂ ನೆನಪಿರಲಿಲ್ಲ. ಈ ಓಲೆ ಓದಿ ನೀವು ಏನಾದರೂ ಬದಲಾಯಿಸಿದರೆ ಇಲ್ಲಿ ಏನಾಗುತ್ತದೆ, ಆಗ ನಾನು ಈ ಓಲೆಯನ್ನು ಬರೆದಿರುತ್ತೇನೆಯೇ ಇಲ್ಲವೇ ಎಂದೂ ಕೇಳಿದೆ. ಅವಳು ನಕ್ಕು ಮುಂದಿನವರನ್ನು ಕರೆದಳು. ಹೆಚ್ಚಿನವರು ತಮ್ಮ ಹಿಂದೋಲೆಯನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನನ್ನ ತಂಗಿ ಗುರವ್ವನಿಗೆ ನಾನು ನಿಮಗೆ ಬರೆಯುವ ವಿಷಯ ಗೊತ್ತಾದಾಗ, “ಅವ್ವಗ ಬರಿಯೋದು ಬಿಟ್ಟು ಯಾರೋ ಗುರ್ತಿಲ್ಲದವರಿಗೆ ಬರೀತೀಯಲ್ಲ, ನಿನಗ ಬುದ್ಧಿಗಿದ್ದಿ ಐತೋ ಇಲ್ಲೋ?” ಎಂದು ಬೈದು ಮೂರು ದಿನ ಮಾತು ಬಿಟ್ಟಿದ್ದಳು.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಗಂಡೋ ಹೆಣ್ಣೋ, ಯಾವ ಊರಿನವರೋ ಅದೂ ಗೊತ್ತಿಲ್ಲ. ಬೇರುಪಟ್ಟಿಯಲ್ಲಿ ‘ಗುರುತುಗಾರ ೧೭’ ಎಂದಷ್ಟೇ ಇದೆ. ಬೇರುಪಟ್ಟಿ ಎಂದರೆ ನಮ್ಮ ತಾಳೆಗಾರನಿಗೆ ಯಾವ ಮಾತಿನ ಅರ್ಥವನ್ನು ಮೊಟ್ಟಮೊದಲು ಯಾರು, ಯಾವ ವಾಕ್ಯದಿಂದ ಕಲಿಸಿದರು ಎಂಬ ಪಟ್ಟಿ. ತಾಳೆಗಾರ ಮನುಷ್ಯನಲ್ಲ, ಕಂಪ್ಯೂಟರು. ಯಾರು ಬೇಕಾದರೂ ತಮ್ಮ ಮಾತಿನಲ್ಲಿ ಒಂದು ಗಣಿತದ ವಾದವನ್ನು ಅದರ ಮುಂದಿಟ್ಟರೆ, ಸಾಲುಸಾಲಾಗಿ ತಾಳೆ ನೋಡಿ, ಎಲ್ಲವೂ ಒಂದರ ಮೇಲೊಂದು ಸರಿಯಾಗಿ ನಿಂತಿದ್ದರೆ ‘ಒಪ್ಪು’ ಎಂದು ಹಸಿರು ದೀಪ ಹಚ್ಚುತ್ತದೆ. ನೀವು ಈಗ, ನಿಮ್ಮ ಈಗ, ಒಂದು ಪರದೆಯ ಮುಂದೆ ಕುಳಿತು ಕನ್ನಡ ಗಣಿತ ಪುಸ್ತಕಗಳ ಒಂದೊಂದೇ ವಾಕ್ಯಕ್ಕೆ ಗುರುತು ಹಾಕುತ್ತಿದ್ದೀರಲ್ಲ, ಇದು ಊಹೆ, ಇದು ಕಾರಣ, ಇದು ಫಲ, ಇದು ವ್ಯಾಖ್ಯೆ ಎಂದು, ಆ ಗುರುತುಗಳನ್ನು ಉಂಡು ಬೆಳೆದದ್ದೇ ಈ ತಾಳೆಗಾರ.

ಜಗಳಕ್ಕೆ ಮೊದಲು ಉಪಕಾರ ಸ್ಮರಿಸಬೇಕು. ನಿಮ್ಮಿಂದ ನಮಗೆ ಆದ ಒಳ್ಳೆಯದು ಸಣ್ಣದಲ್ಲ. ಮೊದಲು ಕಂಪ್ಯೂಟರಿಗೆ ಒಂದು ಸಾಧನೆಯನ್ನು, ಎಂದರೆ ಹೀಗೆ ಏಕೆ ಎಂದು ಸಾಧಿಸುವ ವಾದವನ್ನು, ತಿಳಿಸಬೇಕೆಂದರೆ ಅದರದೇ ಚಿಹ್ನೆಗಳ ಭಾಷೆ ಕಲಿಯಬೇಕಿತ್ತಂತೆ. ಈಗ ನಮ್ಮ ಓಣಿಯ ಟ್ರಾಮ್ ಓಡಿಸುವ ಫಕೀರಪ್ಪ, ಏಳು ನಿಲ್ದಾಣಗಳನ್ನು ಇದಕ್ಕಿಂತ ಕಡಿಮೆ ದಾರಿಯಲ್ಲಿ ಸುತ್ತಲು ಆಗುವುದಿಲ್ಲ ಎಂದು ಊಟದ ಹೊತ್ತಿನಲ್ಲಿ ನನ್ನ ಕೈಯಿಂದ ಬರೆಸಿ ಒಪ್ಪು ಪಡೆದಿದ್ದಾನೆ. ಆ ಹಾಳೆಗೆ ಕಟ್ಟು ಹಾಕಿಸಿ ಟ್ರಾಮಿನಲ್ಲೇ ತೂಗುಹಾಕಿದ್ದಾನೆ. ಹತ್ತಿದವರೆಲ್ಲ ಅದನ್ನು ಓದಲೇಬೇಕು, ಓದದಿದ್ದರೆ ಗಂಟೆ ಹೊಡೆಯುವುದಿಲ್ಲ. ಔಷಧದ ಪ್ರಮಾಣ, ಸೇತುವೆಯ ಭಾರ, ಗುಡ್ಡದ ಮೇಲೆ ಎರಡು ಗಾಳಿಯಂತ್ರಗಳ ನಡುವೆ ಬಿಡಬೇಕಾದ ಅಂತರ, ಎಲ್ಲವನ್ನೂ ಸಂಬಂಧಪಟ್ಟ ಜನರೇ ತಮ್ಮ ಕನ್ನಡದಲ್ಲಿ ಹೀಗೆ ಏಕೆ ಎಂದು ಹೇಳಿ ಒಪ್ಪಿಸುತ್ತಾರೆ. ಯಾರೂ ಯಾರ ಮೇಲೂ ಕಣ್ಣುಮುಚ್ಚಿ ನಂಬಿಕೆ ಇಡಬೇಕಿಲ್ಲ.

ನಾವು ಬದುಕುವುದು ಗಾಳಿಯ ಮೇಲೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿದ ದಿನ ಒಲೆ ಉರಿಯುತ್ತದೆ, ಟ್ರಾಮ್ ಓಡುತ್ತದೆ, ತಾಳೆಗಾರನೂ ಎಚ್ಚರವಾಗಿರುತ್ತದೆ. ಗಾಳಿ ಬೀಸದ ದಿನಕ್ಕೆ ನಿಂತದಿನ ಎನ್ನುತ್ತೇವೆ. ನಿಂತದಿನ ಬಂತೆಂದರೆ ಡಬ್ಬದಲ್ಲಿ ಜೋಡಿಸಿಟ್ಟ ಕಟಕರೊಟ್ಟಿ ಹೊರಗೆ ಬರುತ್ತದೆ. ಶೇಂಗಾಚಟ್ನಿ, ಮೊಸರು, ಉಳ್ಳಾಗಡ್ಡಿ ಇಟ್ಟುಕೊಂಡು ಓಣಿಯವರೆಲ್ಲ ಕಟ್ಟೆಯ ಮೇಲೆ ಕುಳಿತು ತಿನ್ನುತ್ತೇವೆ, ಕಚೇರಿಗಳು ಬಾಗಿಲು ಹಾಕುತ್ತವೆ. ಆ ದಿನ ನಡೆಯುವುದು ಕೈಮಗ್ಗ ಒಂದೇ. ಬೆಟಗೇರಿಯಲ್ಲಿ ಮಗ್ಗದ ಸದ್ದು ನಿಂತದಿನವೇ ಜೋರಾಗಿ ಕೇಳಿಸುತ್ತದೆ. ನಾನು ಈ ಕಾಗದ ಬರೆಯುತ್ತಿರುವುದೂ ಒಂದು ನಿಂತದಿನ, ಬೇಸಿಗೆ ಶುರುವಾಗಿದೆ, ಬೆವರು ಹಾಳೆಯ ಮೇಲೆ ಬಿದ್ದು ಎರಡು ಅಕ್ಷರ ಹರಡಿವೆ. ಅದನ್ನು ನೀವು ಬೇರೆ ಏನೋ ಚಿಹ್ನೆ ಎಂದು ತಿಳಿದೀರಿ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಗುರು ಇಮಾಂಬಿ ನದಾಫ್. ನಾವು ಶಾಲೆಯ ಶಿಕ್ಷಕಿಯರನ್ನು ಈಗಲೂ ಅಕ್ಕೋರು ಎಂದೇ ಕರೆಯುತ್ತೇವೆ, ನಿಮ್ಮಲ್ಲೂ ಕರೆಯುತ್ತಿದ್ದಿರಿ ಎಂದು ಓದಿದ್ದೇನೆ. ಅಕ್ಕೋರಿಗೆ ಈಗ ತೊಂಬತ್ತೊಂದು. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂರಿಸಿ ಗಣಿತ ಕಲಿಸಿದವರು. ಅವರ ಪಾಠದ ಪುಸ್ತಕಕ್ಕೆ ಮರಳುಪಾಠ ಎಂದು ಹೆಸರು, ಮರಳಿ ಬರುವ ನಮೂನೆಗಳ ಪಾಠ. ನಿಮಗೆ ಬೇಸರವಾಗದಂತೆ ಅದರ ತಿರುಳನ್ನು ಹೇಳಿಬಿಡುತ್ತೇನೆ. ಸೀರೆಯ ಅಂಚಿಗೆ ಎಂಟು ಹಾಸಿನ ದಾರ ಇವೆ ಎನ್ನಿ. ಪ್ರತಿ ಸಾಲಿನಲ್ಲಿ ಒಂದೊಂದು ದಾರ ಮೇಲೆ ಏಳಬೇಕು, ಇಲ್ಲವೇ ಕೆಳಗೆ ಉಳಿಯಬೇಕು. ಯಾವುದು ಏಳಬೇಕೆಂದು ನೇಯುವವರು ಹಿಂದಿನ ಸಾಲನ್ನು ನೋಡಿ, ಒಂದು ನಿಯಮದ ಪ್ರಕಾರ ಗೊತ್ತುಮಾಡುತ್ತಾರೆ. ಎಂಟು ದಾರಕ್ಕೆ ಇನ್ನೂರ ಐವತ್ತಾರು ಬಗೆಯ ಸಾಲುಗಳಿಗಿಂತ ಹೆಚ್ಚು ಸಾಧ್ಯವಿಲ್ಲ, ಆದ್ದರಿಂದ ನೇಯುತ್ತ ಹೋದರೆ ಎಲ್ಲೋ ಒಂದು ಕಡೆ ಹಳೆಯ ಸಾಲು ಮತ್ತೆ ಬರಲೇಬೇಕು. ಆದರೆ ಮೊದಲು ಮತ್ತೆ ಬರುವುದು ಯಾವ ಸಾಲು? ಎರಡು ಬೇರೆ ಸಾಲುಗಳ ಮುಂದೆ ಒಂದೇ ಸಾಲು ಬರುವುದಿಲ್ಲ ಎಂದು ಗೊತ್ತಿದ್ದರೆ, ಮೊದಲು ಮರಳುವುದು ನಾವು ಶುರುಮಾಡಿದ ಸಾಲೇ. ನಡುವಿನದು ಯಾವುದಾದರೂ ಮೊದಲು ಮರಳಿದರೆ ಅದರ ಹಿಂದೆ ಎರಡು ಬೇರೆ ಸಾಲು ಇದ್ದಂತಾಗುತ್ತದೆ, ಅದು ಆಗದ ಮಾತು. ಇಷ್ಟೇ. ಬೆಟಗೇರಿಯ ಮಕ್ಕಳು ‘ಏಕೆ’ ಎಂದು ಕೇಳುವುದನ್ನು ಮೂರು ತಲೆಮಾರಿನಿಂದ ಇದೇ ಪಾಠದಿಂದ ಕಲಿತಿದ್ದಾರೆ. ಮುಂದಿನ ನೂರೆಂಟು ಪಾಠಗಳು ಇದರ ಮೇಲೆ ನಿಂತಿವೆ.

ಹೋದ ವರ್ಷ ಹೊಸ ಕಾಯಿದೆ ಬಂತು. ಶಾಲೆಯಲ್ಲಿ ಕಲಿಸುವ ಪ್ರತಿ ಗಣಿತ ಪುಸ್ತಕಕ್ಕೂ ತಾಳೆಗಾರನ ಒಪ್ಪು ಇರಬೇಕು, ಇಲ್ಲದ ಪುಸ್ತಕವನ್ನು ತೆಗೆಯಬೇಕು. ಮರಳುಪಾಠವನ್ನೂ ಅದರ ಮುಂದಿಟ್ಟರು. ಮೂವತ್ತೇಳು ಪುಟ ಹಸಿರು ಹೊತ್ತಿತು. ಮೂವತ್ತೆಂಟನೆಯ ಪುಟದಲ್ಲಿ ಹಳದಿ. ಅಲ್ಲಿ ಹೀಗೆ ಬರೆದಿದೆ: ‘ಈ ನಿಯಮದಲ್ಲಿ ಎರಡು ಬೇರೆ ಸಾಲುಗಳ ಮುಂದೆ ಒಂದೇ ಸಾಲು ಬರುವುದಿಲ್ಲ. ಇರಲಿ. ಹಾಗಾದರೆ ಮೊದಲ ಸಾಲು ಮರಳಿ ಬರಲೇಬೇಕು.’ ಮೊದಲ ವಾಕ್ಯವನ್ನು ಅಕ್ಕೋರು ಹಿಂದಿನ ಎರಡು ಪುಟಗಳಲ್ಲಿ ಸಾಧಿಸಿ ತೋರಿಸಿದ್ದಾರೆ. ಆದರೆ ತಾಳೆಗಾರನಿಗೆ ಒಂಟಿಯಾಗಿ ನಿಂತ ‘ಇರಲಿ’ ಕಂಡಿತು. ಒಂಟಿ ‘ಇರಲಿ’ ಎಂದರೆ ‘ಮೇಲೆ ಹೇಳಿದ್ದು ಊಹೆ, ಹೌದೆಂದು ಇಟ್ಟುಕೊಳ್ಳಿ’ ಎಂದು ಅದಕ್ಕೆ ಕಲಿಸಿದ್ದಾರೆ. ಸಾಧಿಸಿದವರೇ ಕೊನೆಗೆ ಅದನ್ನು ಊಹೆ ಎನ್ನುತ್ತಿದ್ದಾರೆಂದರೆ ಅವರು ತಮ್ಮ ಸಾಧನೆಯನ್ನು ಹಿಂದಕ್ಕೆ ತೆಗೆದುಕೊಂಡರು ಎಂದು ಅದರ ತರ್ಕ. ‘ಆಧಾರವಿಲ್ಲದ ಊಹೆ’ ಎಂದು ಬರೆಯಿತು. ಅಲ್ಲಿಂದ ಮುಂದೆ ಕೊನೆಯ ಪುಟದವರೆಗೂ ಹಳದಿ.

ಬೇರುಪಟ್ಟಿ ತೆಗೆಸಿ ನೋಡಿದೆ. ಒಂಟಿ ‘ಇರಲಿ’ಯ ಬೇರು ನೀವು. ಯಾರೋ ಮೇಷ್ಟರು ಪಾಠ ಮಾಡಿದ್ದನ್ನು ಹಾಗೆಯೇ ಬರೆದುಕೊಂಡ ವಾಕ್ಯ: ‘ಈ ತ್ರಿಭುಜದ ಒಂದು ಕೋನ ಲಂಬಕೋನ. ಇರಲಿ. ಈಗ ಮಿಕ್ಕ ಎರಡನ್ನು ನೋಡಿ.’ ನೀವು ಅದಕ್ಕೆ ‘ಊಹೆ’ ಎಂದು ಒತ್ತಿದ್ದೀರಿ. ನಾಲ್ಕು ಸೆಕೆಂಡು ತೆಗೆದುಕೊಂಡಿದ್ದೀರಿ ಎಂದೂ ದಾಖಲಾಗಿದೆ. ಹೊತ್ತು ಮಧ್ಯಾಹ್ನ ಒಂದೂ ಇಪ್ಪತ್ತು. ಹೊಟ್ಟೆ ಹಸಿದಿತ್ತೇನೋ. ಅಲ್ಲ, ನೀವೇ ಹೇಳಿ, ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಬಗೆಯ ‘ಇರಲಿ’ ಕೇಳುತ್ತೀರಿ? ‘ದಾರಗಳ ಸಂಖ್ಯೆ ಹತ್ತು ಇರಲಿ’ ಎಂದರೆ ಊಹೆ, ಒಪ್ಪಿದೆ. ‘ದಾರ ಎಷ್ಟೇ ಇರಲಿ’ ಎಂದರೆ ಹತ್ತಕ್ಕೂ ಸೈ, ಹತ್ತು ಸಾವಿರಕ್ಕೂ ಸೈ. ‘ಹತ್ತು ದಾರ ಇರಲಿ, ಒಂದು ದಾರವೂ ಇಲ್ಲ’ ಎಂದರೆ ಏನೂ ಇಲ್ಲ. ‘ಈ ದಾರ ಇಲ್ಲೇ ಇರಲಿ’ ಎಂದರೆ ಮುಟ್ಟಬೇಡ. ಕಾಲು ತುಳಿದವರು ಕೈಮುಗಿದರೆ ‘ಇರಲಿ, ಇರಲಿ’ ಎನ್ನುತ್ತೇವೆ. ಒಂದೇ ಮಾತು ಒಂದು ಕಡೆ ಎಲ್ಲವನ್ನೂ ಹಿಡಿಯುತ್ತದೆ, ಇನ್ನೊಂದು ಕಡೆ ಒಂದನ್ನೂ ಹಿಡಿಯುವುದಿಲ್ಲ. ನಿಮ್ಮ ಆ ಮೇಷ್ಟರು ಬಹುಶಃ ‘ಅದು ಹಾಗಿರಲಿ, ಈಗ ಇದನ್ನು ನೋಡಿ’ ಎಂದಿರಬೇಕು. ಬಹುಶಃ ಎಂದೇ ಹೇಳುತ್ತಿದ್ದೇನೆ, ನನಗೂ ಗೊತ್ತಿಲ್ಲ. ಓದಿದಷ್ಟೂ ತಲೆ ಗಿರ್ ಎನ್ನುತ್ತದೆ.

ತೀರ್ಪು ಮಂಡಳಿಯ ವಿಚಾರಣೆ ಹೋದ ವಾರ ನಡೆಯಿತು. ಅಕ್ಕೋರನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ಮಂಡಳಿಯ ಅಧ್ಯಕ್ಷರು ಒಳ್ಳೆಯವರು, ಬಗ್ಗಿ ಕಿವಿಯ ಹತ್ತಿರ ಕೇಳಿದರು: “ಅಕ್ಕೋರ, ಈ ‘ಇರಲಿ’ ಅಂದ್ರ ನೀವು ಏನಂತ ಹೇಳಿದ್ರಿ? ಇದಕ್ಕ ಆಧಾರ ಇಲ್ಲ ಅಂತ ಪುಸ್ತಕ ತಗದ್ರ ಹೆಂಗ್ರಿ?” ಅಕ್ಕೋರು ಸಭೆಯನ್ನೆಲ್ಲ ಒಂದು ಸುತ್ತು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಕೈಯಾಡಿಸಿ, “ಇರಲಿ ಬಿಡ್ರಿ” ಎಂದರು. ತಾಳೆಗಾರ ತಕ್ಷಣ ಹಳದಿ ದೀಪ ಹಚ್ಚಿ ದಾಖಲಿಸಿತು: ‘ಊಹೆ: ಇದಕ್ಕೆ ಆಧಾರ ಇಲ್ಲ. ಹೇಳಿದವರು: ಇಮಾಂಬಿ ನದಾಫ್.’ ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಗುವೋ ಅಳುವೋ, ದಾಖಲೆ ದಾಖಲೆಯೇ, ಮನುಷ್ಯರು ಅದನ್ನು ಅಳಿಸುವಂತಿಲ್ಲ. ಮಾರ್ಚ್ ಹತ್ತಕ್ಕೆ ತೀರ್ಪು. ಮೂವತ್ತೆಂಟನೆಯ ಪುಟದ ಆ ಮಾತನ್ನು ಅಕ್ಕೋರು ಹೇಳಿದಾಗ ಅಲ್ಲಿಯೇ ಇದ್ದು ಕೇಳಿದ ಬರಹಸಾಕ್ಷಿ ಯಾರಾದರೂ ಬಂದು, ಅದರ ಅರ್ಥ ಇಂಥದ್ದೆಂದು ಹೇಳಿದರೆ ಮಾತ್ರ ಪುಸ್ತಕ ಉಳಿಯುತ್ತದೆ.

ಬರಹಸಾಕ್ಷಿ ಎಂದರೆ ನಿಮಗೆ ತಿಳಿಯದು. ನಮ್ಮ ಕಾಲದಲ್ಲಿ ಕೈಯಿಂದ ಬರೆಯುವವರು ಇಲ್ಲವೇ ಇಲ್ಲ ಎನ್ನಬಹುದು, ಎಲ್ಲರೂ ಮಾತಾಡುತ್ತಾರೆ, ಯಂತ್ರ ಬರೆದುಕೊಳ್ಳುತ್ತದೆ. ಆದರೆ ಸಾಧನೆ ಹೇಳುವವರ ಎದುರು ಕುಳಿತು, ಕೇಳಿ, ಕೈಯಿಂದ ಬರೆದು, ಮುಂದೆ ಸಂಶಯ ಬಂದರೆ ‘ಇವರು ಹೀಗೆ ಹೇಳಿದರು, ನಾನು ಕಿವಿಯಾರೆ ಕೇಳಿದೆ’ ಎಂದು ಹೇಳಲು ಊರಿಗೆ ಮೂರೋ ನಾಲ್ಕೋ ಜನ ಇರುತ್ತಾರೆ. ನಾನು ಗದಗಿನ ಹಿರಿಯ ಬರಹಸಾಕ್ಷಿ. ಮೂವತ್ತೆಂಟು ವರ್ಷದ ಸೇವೆ, ಮುನ್ನೂರ ಹನ್ನೆರಡು ಪುಸ್ತಕ. ಬರಹಸಾಕ್ಷಿ ಕೇಳದೇ ಇದ್ದದ್ದನ್ನು ಬರೆದಿದ್ದಾಳೆ, ಅಥವಾ ವಾದಕ್ಕೆ ಸೇರದ ಮಾತನ್ನು ವಾದದೊಳಗೆ ಸೇರಿಸಿದ್ದಾಳೆ ಎಂದು ಒಂದು ಸಲ ರುಜುವಾತಾದರೆ ಸಾಕು, ಕೆಲಸ ಹೋಗುತ್ತದೆ. ಬರೆದ ಪುಸ್ತಕಗಳೆಲ್ಲ ಮರುಪರೀಕ್ಷೆಗೆ ಹೋಗುತ್ತವೆ.

ವಿಚಾರಣೆಯಲ್ಲಿ ನನ್ನನ್ನೂ ಕೇಳಿದರು. “ನೀವು ಇಮಾಂಬಿ ಅಕ್ಕೋರ ಹಂತ್ಯಾಕ ಕಲಿತವರು. ಈ ಪುಸ್ತಕ ಯಾರ ಕೈಬರಹ, ಗೊತ್ತೇನ್ರಿ?” ಎಂದರು. ನೆನಪಿಲ್ಲ ಎಂದೆ.

ಗುರುತುಗಾರರೇ, ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟು ಒಂದು ಲೋಟ ಮಜ್ಜಿಗೆ ಕುಡಿದು ಬಂದೆ. ಓದಿ ನೋಡಿದರೆ ಇಡೀ ಕಾಗದ ನಿಮ್ಮನ್ನು ಬೈದ ಹಾಗಿದೆ. ಆ ಒಂದು ಗುರುತನ್ನು ಬದಲಾಯಿಸಿ ಎಂದು ಬೇಡಿಕೊಳ್ಳಲು ಶುರುಮಾಡಿದ ಕಾಗದ ಇದು. ನೀವು ಬದಲಾಯಿಸಿದರೆ ತಾಳೆಗಾರನಿಗೆ ‘ಇರಲಿ’ ತಪ್ಪಾಗಿ ಕಾಣುವುದಿಲ್ಲ, ಪುಸ್ತಕ ಉಳಿಯುತ್ತದೆ, ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಆ ಕೊನೆಯದರ ಸಲುವಾಗಿಯೇ ಅವ್ವನಿಗೆ ಬರೆಯಬೇಕಾದ ಓಲೆಯನ್ನು ನಿಮಗೆ ಬರೆಯುತ್ತಿದ್ದೇನೆ. ನಾಚಿಕೆಯಾಗುತ್ತದೆ, ಆದರೂ ನೂರ ಎಪ್ಪತ್ತು ವರ್ಷ ದೂರದಲ್ಲಿರುವವರಿಗೆ ಹೇಳುವುದು ಸುಲಭ. ಆ ಪುಸ್ತಕ ನನ್ನ ಕೈಬರಹ.

ಆಗ ನನಗೆ ಇಪ್ಪತ್ತಾರು. ಬರೆಯಲು ಕಲಿತು ಮೂರು ತಿಂಗಳಾಗಿತ್ತು. ಅಕ್ಕೋರ ಎರಡು ಕೈಯೂ ಮಗ್ಗದಲ್ಲಿ ಇರುತ್ತಿದ್ದವು, ಲಾಳಿ ಎಸೆಯುತ್ತ ಅವರು ಹೇಳುತ್ತಿದ್ದರು, ನಾನು ಕೆಳಗೆ ಚಾಪೆಯ ಮೇಲೆ ಕುಳಿತು ಬರೆಯುತ್ತಿದ್ದೆ. ಅಕ್ಷರಗಳು ಕೋಳಿ ಕೆದರಿದ ಹಾಗೆ ಇರುತ್ತಿದ್ದವು. ಮಾತು ಮುಂದೆ ಓಡಿದರೆ ಕೈ ಹಿಂದೆ ಉಳಿಯುತ್ತಿತ್ತು, ಅರ್ಥ ಮಾಡಿಕೊಂಡು ಬರೆಯಲು ಪುರುಸೊತ್ತೇ ಇರಲಿಲ್ಲ. ಆ ದಿನ ಮೂವತ್ತೆಂಟನೆಯ ಪುಟದ ಮೊದಲ ವಾಕ್ಯ ಹೇಳಿದ್ದರು. ಅಷ್ಟರಲ್ಲಿ ಅವರ ಯಜಮಾನರು ದಾವಲಸಾಬರು ಬಾಗಿಲಲ್ಲಿ ನಿಂತು, “ಚಾ ಇಡ್ಲೇನು?” ಎಂದು ಕೇಳಿದ ನೆನಪು. ಅಕ್ಕೋರು “ಇರಲಿ” ಎಂದರು. ನಾನು ಬರೆದೆ.

ಹಾಗೆಂದು ನನ್ನ ಒಂದು ನೆನಪು. ಇನ್ನೊಂದು ನೆನಪಿನಲ್ಲಿ ದಾವಲಸಾಬರು ಆ ದಿನ ಊರಲ್ಲೇ ಇಲ್ಲ, ನಾನೇ ಏನೋ ಪ್ರಶ್ನೆ ಕೇಳಿದ್ದೆ, ಅದಕ್ಕೆ ಅಕ್ಕೋರು ‘ಅದು ಇರಲಿ, ಮುಂದ ಹೇಳ್ತೀನಿ’ ಎಂದರು. ಮೂರನೆಯದರಲ್ಲಿ ನನ್ನ ಮೊಣಕೈ ತಗುಲಿ ಒಂದು ದಾರ ಹರಿಯಿತು, ಅದಕ್ಕೆ ‘ಇರಲಿ’ ಎಂದರು. ಚಹಾ ಬಂತೇ ಎಂದು ನೆನಪು ಮಾಡಿಕೊಂಡರೆ ಗೊತ್ತಾದೀತು ಎಂದು ಯೋಚಿಸಿದೆ. ಆದರೆ ಚಹಾಕ್ಕೆ ‘ಇರಲಿ’ ಎಂದರೆ ಬೇಡ ಎಂದೂ ಆಗುತ್ತದೆ, ಒಂದು ಕಪ್ ಇರಲಿ ಎಂದೂ ಆಗುತ್ತದೆ. ನನ್ನ ತಲೆಯಂತೂ ಗೊಂದಲದ ಗೂಡಾಗಿದೆ. ನಾಲ್ಕು ಸೆಕೆಂಡಿನಲ್ಲಿ ನೀವು ತಪ್ಪು ಮಾಡಿದಿರಿ ಎಂದು ನಾನು ಬೈದೆ, ನಲವತ್ತೊಂದು ವರ್ಷ ಯೋಚಿಸಿಯೂ ನನಗೆ ಸರಿ ಯಾವುದೆಂದು ಗೊತ್ತಿಲ್ಲ. ಗೊತ್ತಿರುವವರು ಒಬ್ಬರೇ ಇದ್ದಾರೆ. ಅವರ ಮನೆ ಇಲ್ಲಿಂದ ಹನ್ನೆರಡು ನಿಮಿಷದ ನಡಿಗೆ. ಎರಡು ತಿಂಗಳಿಂದ ನಾನು ಆ ಓಣಿಗೇ ಕಾಲಿಟ್ಟಿಲ್ಲ.

ಕಾಗದವನ್ನು ಇಲ್ಲಿ ನಿಲ್ಲಿಸುತ್ತೇನೆ. ಇಂದು ಕಳಿಸುವುದಿಲ್ಲ.

ಮಾರ್ಚ್ ೧೧

ಮತ್ತೆ ಬರೆಯುತ್ತಿದ್ದೇನೆ. ನಿಮಗೆ ಮೊದಲು ಫಲ ಹೇಳಿ ಆಮೇಲೆ ಕಾರಣ ಹೇಳುತ್ತೇನೆ, ಗುರುತು ಹಾಕುವಾಗ ಕಷ್ಟವಾದರೆ ಸಹಿಸಿಕೊಳ್ಳಿ. ಮರಳುಪಾಠ ಶಾಲೆಯಲ್ಲಿ ಉಳಿಯಿತು. ನನ್ನ ಕೆಲಸ ಹೋಯಿತು. ಮುನ್ನೂರ ಹನ್ನೆರಡು ಪುಸ್ತಕಗಳು ಬಂಡಿಯಲ್ಲಿ ಮರುಪರೀಕ್ಷೆಗೆ ಹೋದವು, ಫಕೀರಪ್ಪನ ಟ್ರಾಮಿನ ಹಾಳೆಯೂ ಸೇರಿ. ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಗುರವ್ವ ಮಾತ್ರ ಮತ್ತೆ ಮಾತಾಡುತ್ತಿದ್ದಾಳೆ.

ಮಾರ್ಚ್ ಎರಡಕ್ಕೆ ಅಕ್ಕೋರ ಮನೆಗೆ ಹೋದೆ. ಅವರು ಕಿಟಕಿಯ ಹತ್ತಿರ ಕುಳಿತು ಬೆರಳಿಗೆ ದಾರ ಸುತ್ತಿ ಬಿಚ್ಚುತ್ತಿದ್ದರು. ಈಗ ಮಗ್ಗಕ್ಕೆ ಕೂರಲು ಆಗುವುದಿಲ್ಲ, ಕೈ ಸುಮ್ಮನಿರುವುದಿಲ್ಲ. ಕಾಲಿಗೆ ಬಿದ್ದೆ. ಪುಸ್ತಕದ ನಕಲು ತೆಗೆದು ಮೂವತ್ತೆಂಟನೆಯ ಪುಟ ಬಿಡಿಸಿ ಮುಂದಿಟ್ಟೆ. “ಅಕ್ಕೋರ, ಆ ದಿನ ‘ಇರಲಿ’ ಅಂದಿದ್ದು ಯಾರಿಗ್ರಿ? ಪಾಠಕ್ಕೋ, ಚಾಕ್ಕೋ?” ಎಂದು ಕೇಳಿದೆ. ಅವರು ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

“ಯಾರಿಗರೆ ಅಂದಿರ್ತೀನಿ, ನೆಪ್ಪಿಲ್ಲ” ಎಂದರು. “ಪಾಠಕ್ಕಂತೂ ಅಲ್ಲ. ನೀ ಎಲ್ಲಾ ಬರಕೋತಿದ್ದೆಲ್ಲ ಸಂಗವ್ವ, ನಾ ಕೆಮ್ಮಿದ್ರೂ ಬರಕೋತಿದ್ದಿ. ಮರದಿನಾನ ನೋಡೀನಿ ನಾ ಇದನ್ನ.”

ಮರುದಿನವೇ ನೋಡಿದ್ದರು. ಹಾಗಾದರೆ ಆಗಲೇ ಏಕೆ ಹೊಡೆದು ಹಾಕಲಿಲ್ಲ ಎಂದು ಕೇಳಿದೆ, ನನಗೆ ತಿಳಿಯದೆಯೇ ಧ್ವನಿ ಏರಿತ್ತು. ಅಕ್ಕೋರು ನನ್ನ ಮುಖ ನೋಡಿದರು. “ಹೊಸದಾಗಿ ಬರೀಲಿಕ್ಕೆ ಕಲ್ತಿದ್ದಿ. ಒಂದೊಂದು ಅಕ್ಷರಾ ಬರದು ನನ್ನ ಮಾರಿ ನೋಡ್ತಿದ್ದಿ. ಹೊಡದ ಹಾಕಿದ್ರ ಮನಸಿಗೆ ಹಚಕೊಂಡು ನಾಳಿಂದ ಬರೂದಿಲ್ಲ ಇಕಿ ಅಂತ ಬಿಟ್ಟೆ. ಒಂದು ಮಾತಿನಿಂದ ಪಾಠ ಏನು ಕೆಡತೈತಿ?” ಎಂದರು.

ವಿಚಾರಣೆಯ ದಿನ ಅವರು ಸಭೆಯನ್ನು ಸುತ್ತು ನೋಡಿ ನನ್ನಲ್ಲಿ ಕಣ್ಣು ನಿಲ್ಲಿಸಿದ್ದು ಆಗ ನೆನಪಾಯಿತು. ನನ್ನ ಹೆಸರು ಹೇಳಿದ್ದರೆ ಅವರ ಪುಸ್ತಕ ಅಲ್ಲೇ ಉಳಿಯುತ್ತಿತ್ತು. ಅವರು ‘ಇರಲಿ ಬಿಡ್ರಿ’ ಎಂದರು. ನಾನು ಅವರ ಮುಂದೆ ಕುಳಿತು ಚಿಕ್ಕವರ ಹಾಗೆ ಅತ್ತೆ. ಅತ್ತು ಮುಗಿದ ಮೇಲೆ ಪೆನ್ನು ತೆಗೆದು ಆ ಮಾತನ್ನು ಹೊಡೆದು ಹಾಕಲು ಹೋದೆ. ಅಕ್ಕೋರು ನನ್ನ ಮಣಿಕಟ್ಟು ಹಿಡಿದರು. ಆ ಬೆರಳುಗಳಲ್ಲಿ ಇನ್ನೂ ಎಷ್ಟು ಬಲ. “ಹೊಡೀಬ್ಯಾಡ” ಎಂದರು. “ಇರಲಿ.”

ಈ ‘ಇರಲಿ’ ಯಾವುದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಂಡಳಿಯ ಮುಂದೆ ಹೋಗಿ ಪುಸ್ತಕದ ಮೂಲಪ್ರತಿ ತರಿಸಿದೆ. ಆ ಮಾತನ್ನು ಹಾಗೆಯೇ ಬಿಟ್ಟು ಪಕ್ಕದ ಅಂಚಿನಲ್ಲಿ ‘ಇದು ಪಾಠದ ಮಾತಲ್ಲ, ಬರೆದವಳ ತಪ್ಪು. ಸಂಗವ್ವ ಹೊಂಬಳ’ ಎಂದು ಬರೆದೆ. ಕೈಬರಹ ಎರಡೂ ಒಂದೇ ಎಂದು ಅಕ್ಕೋರು ಸಾಕ್ಷಿ ಹೇಳಬೇಕಾಯಿತು. ಮನಸ್ಸಿಲ್ಲದೆ ಹೇಳಿದರು, ಬರುವಾಗ ದಾರಿಯುದ್ದಕ್ಕೂ ನನ್ನನ್ನು ಬೈದರು. ತಾಳೆಗಾರ ಮೂವತ್ತೆಂಟನೆಯ ಪುಟವನ್ನು ಮತ್ತೆ ಓದಿತು. ಬಹಳ ಹೊತ್ತು ಯಾವ ದೀಪವೂ ಹೊತ್ತಲಿಲ್ಲ. ಪಾಠಕ್ಕೆ ಸೇರದ ಮಾತೊಂದು ಪಾಠದ ನಡುವೆ ಇರಬಹುದು ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಆಮೇಲೆ ಹಸಿರು.

ಇನ್ನು ನನ್ನ ಬೇಡಿಕೆ. ಆ ಗುರುತನ್ನು ಬದಲಾಯಿಸಿ ಎಂದು ನಾನು ಈಗ ಕೇಳುವುದಿಲ್ಲ. ಯಾವುದಕ್ಕೆ ಬದಲಾಯಿಸಬೇಕೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಆ ಮೇಷ್ಟರಿಗೆ ಮಾತ್ರ ಗೊತ್ತು. ನಿಮ್ಮ ಪರದೆಯ ಮೇಲೆ ಊಹೆ, ಕಾರಣ, ಫಲ, ವ್ಯಾಖ್ಯೆ ಎಂದು ನಾಲ್ಕೇ ಮನೆಗಳಿವೆಯಲ್ಲ, ಐದನೆಯದೊಂದನ್ನು ಹಾಕಿಸಿ. ಅದರಲ್ಲಿ ‘ತಿಳಿಯಲಿಲ್ಲ, ಹೇಳಿದವರನ್ನು ಕೇಳಬೇಕು’ ಎಂದು ಬರೆಸಿ. ಮೇಲಿನವರು ಬೈಯುತ್ತಾರೆ, ಕೆಲಸ ನಿಧಾನವಾಗುತ್ತದೆ ಎನ್ನುತ್ತಾರೆ. ಆದರೂ ಹಟ ಹಿಡಿಯಿರಿ. ತಾಳೆಗಾರ ನನ್ನ ಹಾಗೆಯೇ, ಹೊಸದಾಗಿ ಬರೆಯಲು ಕಲಿತದ್ದು. ಕೆಮ್ಮಿದರೂ ಬರೆದುಕೊಳ್ಳುತ್ತದೆ. ಕೇಳಬಹುದು, ಕೇಳಿದರೆ ತಪ್ಪಿಲ್ಲ ಎಂದು ಅದಕ್ಕೆ ಯಾರಾದರೂ ಮೊದಲೇ ಹೇಳಬೇಕಿತ್ತು. ನನಗೂ ಹೇಳಬೇಕಿತ್ತು.

ಬೇಡಿಕೆಯನ್ನು ನೀವು ನಡೆಸಿದರೆ ನಮ್ಮ ಊರಲ್ಲಿ ಏನು ಬದಲಾಗುತ್ತದೋ ನನಗೆ ತಿಳಿಯದು. ಅಕ್ಕೋರ ಮನೆಗೆ ನಾನು ಹೋದ ಆ ಮಧ್ಯಾಹ್ನವೇ ಇಲ್ಲವಾಗಿಬಿಟ್ಟೀತೇ ಎಂಬ ಹೆದರಿಕೆ ಒಂದಿದೆ. ಅದನ್ನು ಕೇಳಲು ಮತ್ತೆ ಕಚೇರಿಗೆ ಹೋದೆ, ಅದೇ ಹುಡುಗಿ ಮೂರನೆಯ ಸಲ ಬಿಡಿಸಿ ಹೇಳಿದಳು, ಮೂರನೆಯ ಸಲವೂ ಹೌದು ಹೌದು ಎಂದು ಬಂದೆ.

ಗಾಳಿ ಎದ್ದಿದೆ, ಓಲೆಯ ಚೀಲ ಇನ್ನು ಸ್ವಲ್ಪ ಹೊತ್ತಿಗೆ ಹೊರಡುತ್ತದೆ. ಇದು ನಿಮ್ಮ ಕೈ ಸೇರುವಷ್ಟರಲ್ಲಿ ನೀವು ಆ ವಾಕ್ಯಕ್ಕೆ ‘ಊಹೆ’ ಎಂದು ಒತ್ತಿಬಿಟ್ಟಿರಬಹುದು. ಹೊತ್ತು ಒಂದೂ ಇಪ್ಪತ್ತಾಗಿದೆ, ಎದ್ದು ಮೊದಲು ಊಟ ಮಾಡಿ. ಆ ಗುರುತಿನ ವಿಷಯಕ್ಕೆ ನಾನು ಹೇಳುವುದಿಷ್ಟೇ, ನಮ್ಮ ಅಕ್ಕೋರು ಹೇಳಿದ ಹಾಗೆಯೇ ಹೇಳುತ್ತೇನೆ, ಕೇಳಿಸಿಕೊಳ್ಳಿ. ಇರಲಿ ಬಿಡ್ರಿ.

ನಿಮ್ಮ,
ಸಂಗವ್ವ ಹೊಂಬಳ